ಸೂಪರ್‌ಹೀರೋ ಅಭಿಮಾನಿ ಕಥೆಗಳಿಗೆ ವಾರ್ಷಿಕ ಪ್ರಶಸ್ತಿ: ತುಮಕೂರಿನಲ್ಲಿ ನಾವು ನಡೆಸುವ ಬಗೆ

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೊದಲಾದ ಸೂಪರ್‌ಹೀರೋಗಳನ್ನು ಇಟ್ಟುಕೊಂಡು ಅಭಿಮಾನಿಗಳು ತಾವೇ ಬರೆಯುವ ಕಥೆಗಳನ್ನು ಫ್ಯಾನ್ ಫಿಕ್ಷನ್ ಎನ್ನುವುದು ರೂಢಿ. ಇಲ್ಲಿ ಅವನ್ನು ಅಭಿಮಾನಿ ಕಥೆಗಳೆಂದು ಕರೆಯುತ್ತೇನೆ. ತುಮಕೂರಿನಲ್ಲಿ ನಾವು ಕೆಲವು ಗೆಳೆಯರು ಸೇರಿ ಇಂತಹ ಕಥೆಗಳನ್ನು ಬರೆಯುವವರಿಗೂ ಅವರ ಪಾತ್ರಗಳಿಗೂ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತ ಬಂದಿದ್ದೇವೆ. ತಮ್ಮ ಊರಿನಲ್ಲೂ ಇದನ್ನು ನಡೆಸಬೇಕೆಂದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗೆಳೆಯರು ಕೇಳಿದ್ದರಿಂದ, ಮಾಡಿದ ತಪ್ಪುಗಳನ್ನೂ ಸೇರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ. ಪ್ರಶಸ್ತಿಯೆಂದರೆ ವೇದಿಕೆ, ಹಾರ, ಫೋಟೊ ಎಂದುಕೊಂಡವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಬಂದ ಪ್ರತಿಯೊಂದು ಕಥೆಯನ್ನೂ ಯಾರೋ ಕೊನೆಯ ಸಾಲಿನವರೆಗೆ ಓದಿದ್ದಾರೆ ಎಂಬ ಖಾತರಿಯಲ್ಲೇ ಇಂತಹ ಪ್ರಶಸ್ತಿಯ ಬೆಲೆ ಇದೆ ಎಂಬುದು ನನ್ನ ನಂಬಿಕೆ, ಮತ್ತು ಕೆಳಗೆ ಹೇಳುವ ಏರ್ಪಾಡುಗಳೆಲ್ಲ ಆ ಖಾತರಿಗಾಗಿಯೇ ಇವೆ.

ಮೊದಲು: ಯಾವುದಕ್ಕೆ ಪ್ರಶಸ್ತಿ ಎಂದು ತೀರ್ಮಾನಿಸುವುದು

ಆರಂಭದ ಉತ್ಸಾಹದಲ್ಲಿ ಹದಿನೈದು ಇಪ್ಪತ್ತು ವಿಭಾಗಗಳನ್ನು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮೂವತ್ತು ಕಥೆಗಳು ಬರುವ ಕಡೆ ಇಪ್ಪತ್ತು ಪ್ರಶಸ್ತಿಗಳಿದ್ದರೆ ಅದು ಶಾಲಾ ವಾರ್ಷಿಕೋತ್ಸವದ ಬಹುಮಾನ ವಿತರಣೆಯಂತಾಗುತ್ತದೆ. ನಾವು ಈಗ ಆರಕ್ಕೆ ನಿಂತಿದ್ದೇವೆ. ಸಣ್ಣ ಕಥೆ, ನೀಳ್ಗತೆ ಮತ್ತು ಮೊದಲ ಬಾರಿ ಬರೆದವರ ಕಥೆ ಎಂಬ ಮೂರು ಬರಹಗಾರರಿಗೆ. ಹಳೆಯ ಸೂಪರ್‌ಹೀರೋನ ಅತ್ಯುತ್ತಮ ಚಿತ್ರಣ, ಬರಹಗಾರರೇ ಸೃಷ್ಟಿಸಿದ ಹೊಸ ಪಾತ್ರ ಮತ್ತು ಖಳಪಾತ್ರ ಎಂಬ ಮೂರು ಪಾತ್ರಗಳಿಗೆ.

ಪಾತ್ರಗಳಿಗೆ ಬೇರೆ ಪ್ರಶಸ್ತಿ ಯಾಕೆ ಎಂದು ಕೇಳುವವರಿದ್ದಾರೆ. ಕಥೆಯ ಕಟ್ಟಡ ಸಡಿಲವಾಗಿದ್ದರೂ ಅದರಲ್ಲಿ ಒಂದು ಪಾತ್ರ ಜೀವ ತಳೆದು ಎದ್ದು ನಿಂತಿರುವುದುಂಟು, ಮತ್ತು ಹೊಸ ಬರಹಗಾರರಲ್ಲಿ ಇದು ಮೇಲಿಂದ ಮೇಲೆ ಕಾಣುತ್ತದೆ. ಇಡೀ ಕಥೆಯನ್ನು ಮಾತ್ರ ತೂಗಿದರೆ ಅಂತಹ ಪಾತ್ರ ತಕ್ಕಡಿಯಿಂದ ಜಾರಿಹೋಗುತ್ತದೆ. ಖಳಪಾತ್ರದ ವಿಷಯವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಯೇ ಇಲ್ಲ. ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಪಾತ್ರಧಾರಿಗಳು ತಾವೇ ಹಣ ಹಾಕಿ ಪಾತ್ರ ಹಿಡಿಯುವ ಪದ್ಧತಿ ಇದೆಯಷ್ಟೆ. ಅಲ್ಲಿ ದುರ್ಯೋಧನನ ಪಾತ್ರಕ್ಕೆ ಬೀಳುವ ಪೈಪೋಟಿಯನ್ನು ಕಂಡವರು ಖಳನಿಗೊಂದು ಪ್ರಶಸ್ತಿ ಇಡದೆ ಬಿಡುವುದಿಲ್ಲ.

ಹೊಸ ಪಾತ್ರದ ವಿಭಾಗದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಮೆರಿಕದ ಅಭಿಮಾನಿಯೊಬ್ಬರು ಸ್ಟಾರ್ ಟ್ರೆಕ್ ಎಂಬ ಟಿವಿ ಧಾರಾವಾಹಿಯ ಅಭಿಮಾನಿ ಕಥೆಗಳನ್ನು ಅಣಕಿಸಿ ಬರೆದಾಗ, ಎಲ್ಲದರಲ್ಲೂ ನಿಪುಣೆಯಾದ, ಎಲ್ಲರೂ ಮೆಚ್ಚುವ, ಒಂದೂ ಕುಂದಿಲ್ಲದ ಮೇರಿ ಸೂ ಎಂಬ ಹುಡುಗಿಯನ್ನು ಸೃಷ್ಟಿಸಿದರು. ಬರಹಗಾರರು ತಮ್ಮ ಆಸೆಗಳನ್ನೆಲ್ಲ ತುಂಬಿ ಮಾಡಿದ ಇಂತಹ ಪಾತ್ರಗಳಿಗೆ ಇಂದಿಗೂ ಅದೇ ಹೆಸರು. ನಮಗೆ ಬರುವ ಹೊಸ ಪಾತ್ರಗಳಲ್ಲಿಯೂ ಬಹಳಷ್ಟು ಇದೇ ಜಾತಿಯವು, ಆದ್ದರಿಂದ ಕರೆಪತ್ರದಲ್ಲಿಯೇ, ನಿಮ್ಮ ಪಾತ್ರಕ್ಕೆ ಏನು ಸಾಧ್ಯವಿಲ್ಲ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ ಎಂದು ಕೇಳುತ್ತೇವೆ.

ನಂತರ: ನಿಯಮಗಳನ್ನು ಬರೆದಿಡುವುದು

ನಿಯಮಾವಳಿ ಎರಡು ಪುಟ ಮೀರಬಾರದು, ಆದರೆ ಆ ಎರಡು ಪುಟಗಳಲ್ಲಿ ಹಕ್ಕಿನ ವಿಷಯ ಸ್ಪಷ್ಟವಾಗಿರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಭಿಮಾನಿ ಕಥೆಗಳಿಗೆಂದೇ ಪ್ರತ್ಯೇಕ ವಿನಾಯಿತಿ ಇಲ್ಲ. ಅದರ 52ನೆಯ ಕಲಮು ಖಾಸಗಿ ಬಳಕೆ, ವಿಮರ್ಶೆ ಮುಂತಾದ ಕೆಲವು ಉದ್ದೇಶಗಳಿಗೆ ಅವಕಾಶ ಕೊಡುತ್ತದೆಯಾದರೂ, ಬೇರೆಯವರ ಪಾತ್ರವಿರುವ ಕಥೆಗಳನ್ನು ಪುಸ್ತಕ ಮಾಡಿ ಮಾರುವುದಕ್ಕೆ ಅದರ ನೆರಳು ಸಿಗುತ್ತದೆಂದು ನಂಬಿ ಕೂರಬಾರದು. ಪಾತ್ರ ಹಳೆಯದಾಯಿತಲ್ಲ ಎಂಬ ವಾದವೂ ನಡೆಯುವುದಿಲ್ಲ. 1938ರಲ್ಲಿ ಮೊದಲು ಅಚ್ಚಾದ ಸೂಪರ್‌ಮ್ಯಾನ್ ಕಥೆಗೆ ಅಮೆರಿಕದ ಕಾನೂನು ಕೊಡುವ 95 ವರ್ಷಗಳ ರಕ್ಷಣೆ 2033ರ ಕೊನೆಯವರೆಗೂ ಇದೆ. ಹಾಗಾಗಿ ನಾವು ಪ್ರವೇಶ ಶುಲ್ಕ ಪಡೆಯುವುದಿಲ್ಲ, ಟಿಕೆಟ್ ಇಡುವುದಿಲ್ಲ, ಸಂಕಲನ ಮಾರುವುದಿಲ್ಲ, ಪೋಸ್ಟರ್ ಮೇಲೆ ಯಾವ ಕಂಪನಿಯ ಲಾಂಛನವನ್ನೂ ಹಾಕುವುದಿಲ್ಲ. ಎದೆಯ ಮೇಲೆ ಅಕ್ಷರವಿರುವ ಅಂಗಿಯ ಚಿತ್ರವನ್ನು ಬ್ಯಾನರಿಗೆ ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಪ್ರತಿವರ್ಷ ಯಾರಾದರೊಬ್ಬರು ಹೇಳುತ್ತಾರೆ, ಪ್ರತಿವರ್ಷವೂ ನಾವು ಬೇಡ ಎನ್ನುತ್ತೇವೆ.

ಗೆದ್ದವರು ಪ್ರಶಸ್ತಿಯ ಹೆಸರನ್ನು ಹೇಗೆ ಬಳಸಬಹುದು ಎಂಬುದನ್ನೂ ಬರೆದಿಡಿ. 2019ರಲ್ಲಿ ಲಕ್ಷಾಂತರ ಅಭಿಮಾನಿ ಕಥೆಗಳನ್ನು ಸಂಗ್ರಹಿಸಿಟ್ಟಿರುವ ಆರ್ಕೈವ್ ಆಫ್ ಅವರ್ ಓನ್ ಎಂಬ ಜಾಲತಾಣಕ್ಕೆ ವೈಜ್ಞಾನಿಕ ಕಥಾಲೋಕದ ಹ್ಯೂಗೊ ಪ್ರಶಸ್ತಿ ಬಂದಿತು. ಪ್ರಶಸ್ತಿ ಸಂದದ್ದು ಸಂಗ್ರಹಕ್ಕೆ. ಆದರೆ ಅದರಲ್ಲಿ ಕಥೆ ಇಟ್ಟಿದ್ದ ಕೆಲವರು ತಮಾಷೆಗೂ ಸಂಭ್ರಮಕ್ಕೂ ತಾವೇ ಹ್ಯೂಗೊ ವಿಜೇತರೆಂದು ಹೇಳಿಕೊಂಡಾಗ, ಪ್ರಶಸ್ತಿ ನಡೆಸುವವರು ತಮ್ಮ ಹೆಸರಿನ ಹಕ್ಕಿನ ಪ್ರಶ್ನೆ ಎತ್ತಿ, ದೊಡ್ಡ ಜಗಳವೇ ಆಯಿತು. ನಮ್ಮ ಪ್ರಶಸ್ತಿ ಅಷ್ಟು ದೊಡ್ಡದಲ್ಲ, ಆದರೂ ಅಂತಿಮ ಪಟ್ಟಿಗೆ ಬಂದವರು ಅಂತಿಮ ಪಟ್ಟಿ ಎಂದೇ ಹಾಕಿಕೊಳ್ಳಬೇಕು, ವಿಜೇತ ಎಂದಲ್ಲ ಎಂಬ ಒಂದು ಸಾಲು ನಿಯಮದಲ್ಲಿದೆ.

ಹದಿನೆಂಟು ತುಂಬದವರ ಕಥೆಗಳಿಗೆ ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ, ಮತ್ತು ಅವರ ಫೋಟೊ, ಶಾಲೆ, ಫೋನ್ ಸಂಖ್ಯೆ ಎಲ್ಲಿಯೂ ಪ್ರಕಟವಾಗಬಾರದು. ಹಣದ ವ್ಯವಹಾರ ಬೆಳೆದರೆ ಸಂಘವಾಗಿ ನೋಂದಾಯಿಸಿಕೊಳ್ಳಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಅದಕ್ಕೆ ಕನಿಷ್ಠ ಏಳು ಮಂದಿ ಬೇಕು. ಮೊದಲ ವರ್ಷವೇ ಆ ತಂಟೆ ಬೇಡ.

ಕಾಲಪಟ್ಟಿ

ಜೂನ್ ಮೊದಲ ವಾರ ಕಥೆಗಳಿಗೆ ಕರೆ, ಆಗಸ್ಟ್ 31 ಕೊನೆಯ ದಿನ, ಸೆಪ್ಟೆಂಬರ್ ಅಕ್ಟೋಬರ್ ಓದು, ನವೆಂಬರಿನಲ್ಲಿ ಓದುಗರ ಮತ, ಡಿಸೆಂಬರಿನ ಎರಡನೆಯ ಭಾನುವಾರ ಸಮಾರಂಭ. ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಸಭಾಂಗಣಗಳು ಮೊದಲೇ ಹೋಗಿಬಿಟ್ಟಿರುತ್ತವೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ, ಅದರ ಬೆನ್ನಿಗೇ ಪಿಯುಸಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗಳು. ಡಿಸೆಂಬರ್ ಬಿಟ್ಟರೆ ನಮಗೆ ಬೇರೆ ತಿಂಗಳು ಸಿಕ್ಕಿಲ್ಲ.

ಕಥೆಗಳನ್ನು ತೆಗೆದುಕೊಳ್ಳುವುದು

ಕಥೆ ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚಾಗಿರಬೇಕೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಇದನ್ನು ಬರೆಯದಿದ್ದ ಮೊದಲ ವರ್ಷ, ಡಿಟಿಪಿ ಅಂಗಡಿಗಳಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿದ ಕಥೆಗಳು ಬಂದವು. ಅಂತಹ ವರ್ಡ್ ಕಡತವನ್ನು ಓದುವವರು ತಮ್ಮ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ರಾಶಿ ಕಾಣಿಸುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬಹುದು, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಅಲ್ಲಲ್ಲಿ ಕೆಡುವುದರಿಂದ, ಪರಿವರ್ತಿಸಿದ ಪ್ರತಿಯನ್ನು ಬರಹಗಾರರಿಗೆ ಕಳುಹಿಸಿ, ಅವರು ನೋಡಿ ಒಪ್ಪಿದ ಮೇಲೆಯೇ ಓದಿಗೆ ಬಿಡಬೇಕು. ಕೈಬರಹದ ಕಥೆಗಳನ್ನೂ ನಾವು ತೆಗೆದುಕೊಳ್ಳುತ್ತೇವೆ. ಹಾಳೆಗಳ ಫೋಟೊ ಕಳುಹಿಸಿದರೆ ನಮ್ಮ ಬಳಗದವರೇ ಟೈಪ್ ಮಾಡುತ್ತಾರೆ. ಇದು ಶ್ರಮದ ಕೆಲಸವೇ ಸರಿ, ಆದರೆ ಕಂಪ್ಯೂಟರ್ ಇಲ್ಲದ ಮನೆಯಿಂದ ಬರುವ ಕಥೆಯನ್ನು ಆ ಕಾರಣಕ್ಕೆ ಬಿಡುವುದು ನನಗೆ ಸರಿಕಾಣದು.

ಸಣ್ಣ ಕಥೆಗೆ 3000 ಪದ, ನೀಳ್ಗತೆಗೆ 12,000 ಪದಗಳ ಮಿತಿ ಸಾಕು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ 3000 ಪದವೆಂದರೆ ಇಂಗ್ಲಿಷಿನ 3000 ಪದಕ್ಕಿಂತ ಹೆಚ್ಚಿನ ಕಥೆ ಹಿಡಿಸುತ್ತದೆ. ಹೊರಗಿನ ಸ್ಪರ್ಧೆಗಳ ಮಿತಿಯನ್ನು ಹಾಗೆಯೇ ತಂದು ಹಾಕಬೇಡಿ.

ಹೆಸರು ಮರೆಮಾಡುವುದು ಮುಂದಿನ ಕೆಲಸ. ಬಂದ ಕೂಡಲೇ ಪ್ರತಿ ಕಥೆಗೂ ಒಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಒಬ್ಬರು ಮಾತ್ರ ಇಟ್ಟುಕೊಳ್ಳಬೇಕು, ಮತ್ತು ಆ ಒಬ್ಬರು ತೀರ್ಪುಗಾರರಾಗಲಿ ಮತದಾರರಾಗಲಿ ಆಗಿರಬಾರದು. ಮೊದಲ ಪುಟದ ಹೆಸರನ್ನು ಅಳಿಸಿದರೆ ಕೆಲಸ ಮುಗಿಯಿತೆಂದು ನಾವು ತಿಳಿದಿದ್ದೆವು. ಓದುವವರಲ್ಲಿ ಒಬ್ಬರು ಕಡತದ ಪ್ರಾಪರ್ಟೀಸ್ ತೆರೆದು, ಆಥರ್ ಎಂಬ ಜಾಗದಲ್ಲಿ ಹುಡುಗನ ಪೂರ್ತಿ ಹೆಸರು ಇನಿಶಿಯಲ್ ಸಮೇತ ಇರುವುದನ್ನು ತೋರಿಸಿದಾಗ ನಾಚಿಕೆಯಾಯಿತು. ಈಗ ಪ್ರತಿ ಕಥೆಯ ಪಠ್ಯವನ್ನು ಮಾತ್ರ ನಕಲು ಮಾಡಿ, ಹೊಸ ಕಡತದಲ್ಲಿ ಅಂಟಿಸಿ, ಪಿಡಿಎಫ್ ಮಾಡಿ ಕಳುಹಿಸುತ್ತೇವೆ.

ಓದು

ಪ್ರತಿ ಕಥೆಯನ್ನು ಮೂವರು ಓದಬೇಕು. 36 ಕಥೆ ಬಂದರೆ 108 ಓದುಗಳು. ಒಂಬತ್ತು ಮಂದಿ ತೀರ್ಪುಗಾರರಿದ್ದರೆ ತಲೆಗೆ ಹನ್ನೆರಡು ಕಥೆ, ಎಂಟು ವಾರಗಳಲ್ಲಿ ವಾರಕ್ಕೆ ಒಂದೂವರೆ. ಈ ಲೆಕ್ಕವನ್ನು ಮೊದಲೇ ತೋರಿಸಿದರೆ ಜನ ಒಪ್ಪುತ್ತಾರೆ. ತೀರ್ಪುಗಾರರೆಂದರೆ ಹೆಸರಾಂತ ಸಾಹಿತಿಗಳೇ ಆಗಬೇಕೆಂದಿಲ್ಲ. ಸೂಪರ್‌ಹೀರೋ ಕಥೆಗಳೆಂದರೆ ಮೂಗು ಮುರಿಯುವ ದೊಡ್ಡ ವಿಮರ್ಶಕರಿಗಿಂತ, ಚಿಕ್ಕಂದಿನಲ್ಲಿ ಬಾಡಿಗೆಗೆ ಕಾಮಿಕ್ಸ್ ತಂದು ಓದಿದ ಬ್ಯಾಂಕ್ ನೌಕರರೊಬ್ಬರು ನಮಗೆ ಹೆಚ್ಚು ಒದಗಿದ್ದಾರೆ. ಹಾಗೆಂದು ಎಲ್ಲರೂ ಅಭಿಮಾನಿಗಳೇ ಆದರೂ ಕಷ್ಟ. ಮೂವರಲ್ಲಿ ಒಬ್ಬರಾದರೂ ಈ ಹೀರೋಗಳ ಹಿಂದುಮುಂದು ತಿಳಿಯದವರಿರಲಿ. ಅವರಿಗೆ ಅರ್ಥವಾಗದ ಕಥೆ ಮೂಲವನ್ನೇ ನೆಚ್ಚಿಕೊಂಡು ತಾನೇನೂ ದುಡಿದಿಲ್ಲ ಎಂದಾಗುತ್ತದೆ.

ನೂರಕ್ಕೆ ಇಷ್ಟು ಎಂದು ಅಂಕ ಹಾಕಿಸಬೇಡಿ. ಒಬ್ಬರು 60ರಿಂದ 70ರೊಳಗೇ ಓಡಾಡುತ್ತಾರೆ, ಇನ್ನೊಬ್ಬರು ಧಾರಾಳವಾಗಿ 85ರಿಂದ ಶುರುಮಾಡುತ್ತಾರೆ, ಎರಡನ್ನೂ ಕೂಡಿಸಿದರೆ ಧಾರಾಳಿಗಳ ಪಾಲಿಗೆ ಬಿದ್ದ ಕಥೆ ಗೆಲ್ಲುತ್ತದೆ. ತಮಗೆ ಬಂದ ಹನ್ನೆರಡನ್ನು ಒಂದರಿಂದ ಹನ್ನೆರಡರವರೆಗೆ ಸಾಲಾಗಿ ಜೋಡಿಸಲು ಹೇಳಿ, ಪ್ರತಿಯೊಂದರ ಬಗ್ಗೆಯೂ ಅರ್ಧ ಪುಟ ಟಿಪ್ಪಣಿ ಬರೆಸಿ. ಟಿಪ್ಪಣಿಯಿಲ್ಲದ ಸ್ಥಾನವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಟಿಪ್ಪಣಿಯಲ್ಲಿ ಏನಿರಬೇಕೆಂಬುದನ್ನು ಒಂದು ಕಥೆಯಿಂದ ತೋರಿಸುತ್ತೇನೆ. ಪಾವಗಡದ ಕಡೆಯಿಂದ ಬಂದ ಕಥೆಯೊಂದರಲ್ಲಿ, ಲೋಕದ ಸದ್ದನ್ನೆಲ್ಲ ಕೇಳಬಲ್ಲ ಸೂಪರ್‌ಮ್ಯಾನ್ ಬರದ ಸೀಮೆಯ ಒಂದು ಹಳ್ಳಿಗೆ ಬರುತ್ತಾನೆ. ಅಲ್ಲಿ ಬಂಡೆಯ ಕೆಳಗೆ ಹರಿಯುವ ನೀರಿನ ಸದ್ದು ಕೇಳಿಸುವ ಅಜ್ಜಿಯೊಬ್ಬಳಿದ್ದಾಳೆ. ಬೋರ್‌ವೆಲ್ ಕೊರೆಸುವವರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಲದಿಂದ ಹೊಲಕ್ಕೆ ಕರೆದೊಯ್ಯುತ್ತಾರೆ. ಒಂದು ದಿನ ಅವಳ ಇಬ್ಬರು ಗಂಡುಮಕ್ಕಳ ನಡುವೆ ಆಸ್ತಿ ಪಾಲಾಗುವಾಗ, ಯಾರ ಪಾಲಿನಲ್ಲಿ ನೀರಿದೆ ಹೇಳು ಎಂದು ಇಬ್ಬರೂ ಕೇಳುತ್ತಾರೆ. ಅಜ್ಜಿ ತನಗೆ ಈಗ ಕಿವಿ ಕೇಳುವುದಿಲ್ಲ ಎನ್ನುತ್ತಾಳೆ. ಅವಳ ಎದೆಬಡಿತವನ್ನು ಕೇಳುತ್ತಿರುವ ಸೂಪರ್‌ಮ್ಯಾನ್‌ಗೆ ಅದು ಸುಳ್ಳೆಂದು ತಿಳಿಯುತ್ತದೆ, ಅವನು ಸುಮ್ಮನಿರುತ್ತಾನೆ. ನಮ್ಮ ತೀರ್ಪುಗಾರರೊಬ್ಬರು ಬರೆದ ಟಿಪ್ಪಣಿಯ ಸಾರ ಇದು: ಆಕಾಶದಲ್ಲಿ ಹಾರಬಲ್ಲವನು ಇಡೀ ಕಥೆಯಲ್ಲಿ ಒಮ್ಮೆಯೂ ಹಾರುವುದಿಲ್ಲ, ಆದರೂ ಅವನು ಅವನೇ ಎಂಬುದರಲ್ಲಿ ಅನುಮಾನ ಬರುವುದಿಲ್ಲ, ಮಧ್ಯದ ಎರಡು ಪುಟಗಳ ಬೋರ್‌ವೆಲ್ ಲಾರಿಯ ವರ್ಣನೆ ಉದ್ದವಾಯಿತು, ತೆಲುಗು ಬೆರೆತ ಮಾತುಗಳನ್ನು ಬರಹಗಾರ್ತಿ ತಿದ್ದದೆ ಬಿಟ್ಟದ್ದು ಒಳ್ಳೆಯದಾಯಿತು. ಮೂಲ ಪಾತ್ರದ ಗುಣ ಉಳಿಯಿತೇ, ಹೊಸದೇನು ಸೇರಿತು, ಎಲ್ಲಿ ಸಡಿಲವಾಯಿತು, ಮಾತು ಯಾರ ಬಾಯಿಂದ ಬಂತು ಎಂಬ ನಾಲ್ಕು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿದೆ. ಆ ವರ್ಷ ಹೊಸ ಪಾತ್ರದ ಪ್ರಶಸ್ತಿ ಆ ಅಜ್ಜಿಗೆ ಹೋಯಿತು, ಕಥೆಗೆ ಬಹುಮಾನ ಬರಲಿಲ್ಲ.

ಮತ

ತೀರ್ಪುಗಾರರ ಸ್ಥಾನಗಳನ್ನು ನೋಡಿ ಪ್ರತಿ ವಿಭಾಗಕ್ಕೆ ನಾಲ್ಕು ಅಥವಾ ಐದು ಕಥೆಗಳ ಅಂತಿಮ ಪಟ್ಟಿ ಮಾಡಿ, ಅಲ್ಲಿಂದ ಮುಂದೆ ಓದುಗರ ಮತಕ್ಕೆ ಬಿಡುತ್ತೇವೆ. ಇಲ್ಲಿ ನಾವು ಮಾಡಿದ ದೊಡ್ಡ ತಪ್ಪನ್ನು ಹೇಳಲೇಬೇಕು. ಮೊದಲ ವರ್ಷ ಗೂಗಲ್ ಫಾರ್ಮ್ ಒಂದನ್ನು ಎಲ್ಲರಿಗೂ ತೆರೆದಿಟ್ಟೆವು. ಕಾಲೇಜೊಂದರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ಲಿಂಕ್ ಹರಿದಾಡಿ, ಒಂದೇ ರಾತ್ರಿಯಲ್ಲಿ ಒಂದೇ ಕಥೆಗೆ ಮತಗಳ ಸುರಿಮಳೆಯಾಯಿತು. ಕಥೆ ಕೆಟ್ಟದ್ದೇನೂ ಆಗಿರಲಿಲ್ಲ, ಆದರೆ ಅದಕ್ಕೆ ಮತ ಹಾಕಿದ ಹುಡುಗನೊಬ್ಬನನ್ನು ಬಸ್ ನಿಲ್ದಾಣದಲ್ಲಿ ಕಂಡು ಕಥೆ ಹೇಗಿತ್ತು ಎಂದು ಕೇಳಿದರೆ, ಓದಿಲ್ಲ ಅಣ್ಣ, ನಮ್ ಕ್ಲಾಸಿನವನದು ಎಂದ. ಅವನದು ತಪ್ಪಲ್ಲ, ಏರ್ಪಾಡಿನದು ತಪ್ಪು.

ಈಗ ಮತ ಹಾಕುವವರು ಅಕ್ಟೋಬರ್ ಕೊನೆಯೊಳಗೆ ಹೆಸರು ನೋಂದಾಯಿಸಬೇಕು, ಆ ವಿಭಾಗದ ಅಂತಿಮ ಪಟ್ಟಿಯ ಎಲ್ಲ ಕಥೆಗಳನ್ನೂ ಓದಿ ಪ್ರತಿಯೊಂದರ ಬಗ್ಗೆ ಎರಡು ಸಾಲು ಬರೆಯಬೇಕು. ಇದರಿಂದ ಮತದಾರರ ಸಂಖ್ಯೆ ಬಹಳ ಇಳಿಯುತ್ತದೆ, ಇಳಿಯಲಿ. ಮತಪತ್ರದಲ್ಲಿ ಒಂದು ಹೆಸರಿಗೆ ಗುರುತು ಹಾಕುವ ಬದಲು ಒಂದು, ಎರಡು, ಮೂರು ಎಂದು ಆದ್ಯತೆ ಕೊಡಬೇಕು. ಉದಾಹರಣೆಗೆ ಹದಿನೈದು ಮತಗಳಲ್ಲಿ ಮೊದಲನೆಯ ಕಥೆಗೆ ಆರು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ನಾಲ್ಕು ಮೊದಲ ಆದ್ಯತೆಯ ಮತಗಳು ಬಂದವೆನ್ನೋಣ. ಯಾವುದಕ್ಕೂ ಎಂಟರ ಬಹುಮತವಿಲ್ಲ. ಮೂರನೆಯದನ್ನು ಕೈಬಿಟ್ಟು, ಅದಕ್ಕೆ ಹಾಕಿದ ನಾಲ್ವರ ಎರಡನೆಯ ಆದ್ಯತೆ ನೋಡಬೇಕು. ಮೂವರು ಎರಡನೆಯ ಕಥೆಯನ್ನೂ ಒಬ್ಬರು ಮೊದಲನೆಯದನ್ನೂ ಹೇಳಿದ್ದರೆ, ಎರಡನೆಯ ಕಥೆ ಎಂಟು ಮತಗಳಿಂದ ಗೆಲ್ಲುತ್ತದೆ. ಹ್ಯೂಗೊ ಪ್ರಶಸ್ತಿಯಲ್ಲಿಯೂ ಇದೇ ಬಗೆಯ ಎಣಿಕೆ. ಅಲ್ಲಿಂದಲೇ ನಾವು ತಂದುಕೊಂಡ ಇನ್ನೊಂದು ನಿಯಮವೆಂದರೆ, ಪಟ್ಟಿಯ ಕೊನೆಗೆ ಯಾರಿಗೂ ಬೇಡ ಎಂಬ ಆಯ್ಕೆ. 2015ರಲ್ಲಿ ಗುಂಪುಗಾರಿಕೆಯ ನಾಮನಿರ್ದೇಶನಗಳಿಂದ ರೋಸಿಹೋದ ಹ್ಯೂಗೊ ಮತದಾರರು ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಕೊಡಲಿಲ್ಲ. ನಮ್ಮಲ್ಲಿಯೂ ಒಮ್ಮೆ ಖಳಪಾತ್ರದ ಪ್ರಶಸ್ತಿ ಹಾಗೆಯೇ ಉಳಿಯಿತು.

ಎಣಿಕೆಯನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಿ ಗುಟ್ಟಾಗಿ ಮಾಡದೆ ನಾಲ್ಕು ಜನ ಕೂಡಿ ಮಾಡುವುದು ವಾಸಿ. ಕಾಮಿಕ್ಸ್ ಅಭಿಮಾನಿಗಳೇ ಕೊಡುತ್ತಿದ್ದ ಹಳೆಯ ಆ್ಯಲಿ ಪ್ರಶಸ್ತಿಗಳು 1961ರ ಕಾಮಿಕ್ಸ್‌ಗಳಿಂದ ಶುರುವಾದವು; 1964ರಲ್ಲಿ ಅದರ ಮತಪತ್ರಗಳನ್ನು ಎಣಿಸಲು ಡೆಟ್ರಾಯಿಟ್‌ನ ಜೆರ್ರಿ ಬೇಲ್ಸ್ ಅವರ ಮನೆಯಲ್ಲಿ ಸೇರಿದ ಅಭಿಮಾನಿಗಳ ಕೂಟ, ಮುಂದೆ ಬಂದ ಕಾಮಿಕ್ಸ್ ಸಮಾವೇಶಗಳಿಗೆ ಒಂದು ರೀತಿಯಲ್ಲಿ ಮುನ್ನುಡಿಯಾಯಿತು. ನಮ್ಮ ಎಣಿಕೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದ ಮೇಲೆ ಗೆಳೆಯರೊಬ್ಬರ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ.

ಸಮಾರಂಭದ ದಿನ

ಅರವತ್ತು ಎಪ್ಪತ್ತು ಕುರ್ಚಿ ಹಿಡಿಸುವ ಸಣ್ಣ ಸಭಾಂಗಣ ಸಾಕು. ದೊಡ್ಡ ರಂಗಮಂದಿರದಲ್ಲಿ ಅಷ್ಟೇ ಜನ ಕೂತರೆ ಖಾಲಿ ಕುರ್ಚಿಗಳೇ ಎದ್ದು ಕಾಣುತ್ತವೆ. ಬೆಳಿಗ್ಗೆ ಹತ್ತೂವರೆಗೆ ಆರಂಭಿಸಿ ಮೂರು ಗಂಟೆಯೊಳಗೆ ಮುಗಿಸಿ; ತಿಪಟೂರು, ಗುಬ್ಬಿಯವರಿಗೆ ರೈಲಿದೆ, ಪಾವಗಡದವರು ಬಸ್ಸಿನಲ್ಲಿ ಬಹಳ ದೂರ ಹೋಗಬೇಕು. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಂಬ ಪೂರ್ತಿ ಸರಣಿಯನ್ನು ಇಟ್ಟುಕೊಂಡರೆ ಕಥೆಗಳಿಗೆ ಉಳಿಯುವುದು ಹದಿನೈದು ನಿಮಿಷ. ನಾವು ಸ್ವಾಗತವನ್ನು ಎರಡು ನಿಮಿಷಕ್ಕೆ ಇಳಿಸಿ, ಮಿಕ್ಕಿದ್ದನ್ನು ಬಿಟ್ಟು, ಗೆದ್ದ ಪ್ರತಿ ಕಥೆಯಿಂದ ಎರಡು ಪುಟ ಓದಿಸುತ್ತೇವೆ. ಬರಹಗಾರರೇ ಓದಬೇಕೆಂದಿಲ್ಲ, ನಡುಗುವ ದನಿಯವರ ಪರವಾಗಿ ಹವ್ಯಾಸಿ ರಂಗಭೂಮಿಯ ಒಬ್ಬರು ಓದಿದರೆ ಸಭೆ ಹಿಡಿದಿಟ್ಟಂತೆ ಕೂರುತ್ತದೆ.

ಪಾತ್ರದ ಪ್ರಶಸ್ತಿ ಕೊಡುವಾಗ ವೇದಿಕೆಯಿಂದ ಪಾತ್ರದ ಹೆಸರನ್ನೇ ಕರೆಯುತ್ತೇವೆ, ಬರಹಗಾರರು ಅದರ ಪರವಾಗಿ ಬಂದು ತೆಗೆದುಕೊಳ್ಳುತ್ತಾರೆ. ಸ್ಮರಣಿಕೆ ಹೊಳೆಯುವ ಪ್ಲಾಸ್ಟಿಕ್ ಕಪ್ ಆಗಬೇಕಿಲ್ಲ. ತೆಂಗಿನ ನಾಡಿನಲ್ಲಿ ಚಿಪ್ಪಿಗೆ ಬರವಿಲ್ಲ. ನಯಮಾಡಿ ಮೆರುಗೆಣ್ಣೆ ಹಚ್ಚಿದ ಚಿಪ್ಪನ್ನು ಮರದ ಪೀಠಕ್ಕೆ ಕೂರಿಸಿ, ಕೆಳಗೆ ತಗಡಿನ ಪಟ್ಟಿಯಲ್ಲಿ ಪಾತ್ರದ ಹೆಸರು, ಬರಹಗಾರರ ಹೆಸರು, ವರ್ಷ ಕೆತ್ತಿಸುತ್ತೇವೆ. ಕೆತ್ತುವವರಿಗೆ ಹೆಸರುಗಳನ್ನು ಬಾಯಲ್ಲಿ ಹೇಳದೆ ಮುದ್ರಿಸಿಯೇ ಕೊಡಿ. ಒಂದು ಸಲ ಅಜ್ಜಿಯೊಬ್ಬಳು ಅರ್ಜಿಯಾಗಿ ಬಂದಿದ್ದಳು.

ಆಮೇಲೆ

ಸಮಾರಂಭದ ಮರುವಾರ ಮಾಡಬೇಕಾದ ಕೆಲಸವೊಂದಿದೆ, ಬಹಳ ಕಡೆ ಇದನ್ನೇ ಮರೆಯುತ್ತಾರೆ. ಬಹುಮಾನ ಬಂದವರಿಗೂ ಬಾರದವರಿಗೂ ಅವರ ಕಥೆಯ ಮೇಲೆ ಮೂವರು ಬರೆದ ಟಿಪ್ಪಣಿಗಳನ್ನು ತೀರ್ಪುಗಾರರ ಹೆಸರಿಲ್ಲದೆ ಕಳುಹಿಸಬೇಕು. ಕಟುವಾದ ಮಾತುಗಳನ್ನು ತಿದ್ದಿ ಸಿಹಿ ಮಾಡಬೇಡಿ, ಹೀಯಾಳಿಕೆ ಇದ್ದರೆ ಮಾತ್ರ ತೆಗೆಯಿರಿ. ಕೈಬರಹದಲ್ಲಿ ಕಥೆ ಕಳುಹಿಸಿದವರಿಗೆ ಟಿಪ್ಪಣಿಗಳ ಜೊತೆಗೆ ಅವರ ಕಥೆಯ ಟೈಪ್ ಮಾಡಿದ ಪ್ರತಿಯನ್ನೂ ಅಂಚೆಯಲ್ಲಿ ಕಳುಹಿಸುತ್ತೇವೆ. ಈ ಅಂಚೆ ಖರ್ಚನ್ನು ಜೂನಿನಲ್ಲಿಯೇ ಬಜೆಟ್ಟಿನ ಮೊದಲ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ, ಡಿಸೆಂಬರಿನ ಹೊತ್ತಿಗೆ ಕೈಯಲ್ಲಿ ದುಡ್ಡು ಉಳಿದಿರುವುದಿಲ್ಲ.